ಕತ್ತಲಲ್ಲಿ ಬೆಳೆಸಿದ ಗಿಡದ ಕೋಶಗಳಲ್ಲಿ ಫೈಟೋಕ್ರೋಮ್ (ಗಿಡ ಬೆಳಕನ್ನು ಗುರುತಿಸಲು ಬಳಸುವ ವರ್ಣದ್ರವ್ಯ) ಕಾಣದಿದ್ದರೆ ಯಾವ ಸ್ಪೆಕ್ಟ್ರೋಫೋಟೋಮೀಟರ್ (ಯಾವ ಬಣ್ಣದ ಬೆಳಕು ಎಷ್ಟು ಹೀರಿಹೋಯಿತು ಅಂತ ಅಳೆಯುವ ಯಂತ್ರ) ತಗೋಬೇಕು? ಅಂದಹಾಗೆ, ನನ್ನ ಕೋಶಗಳು ತಿಳಿ ಹಸಿರಾಗಿವೆ.

ಯಾವುದೂ ಬೇಡ. ನನಗೂ ಹೀಗೇ ಆಗಿತ್ತು, ನಾನೂ ಮೊದಲು ಯಂತ್ರವನ್ನೇ ಅನುಮಾನಿಸಿದ್ದೆ.

ನನ್ನದು ಕ್ಯಾರೆಟ್ ಕೋಶಗಳ ಸಸ್ಪೆನ್ಷನ್, ಅಂದರೆ ದ್ರವದಲ್ಲಿ ತೇಲುತ್ತಾ ಬೆಳೆಯುವ ಕೋಶಗಳು. ಫ್ಲಾಸ್ಕ್‌ಗಳಿಗೆ ಫಾಯಿಲ್ ಸುತ್ತಿ ಶೇಕರ್ ಮೇಲೆ ಇಟ್ಟಿದ್ದೆ. ಆದರೆ ದಿನಾ ಬೆಳಗ್ಗೆ ಫಾಯಿಲ್ ಬಿಚ್ಚಿ, ಟ್ಯೂಬ್‌ಲೈಟ್ ಕೆಳಗೆ ಹಿಡಿದು, ಕೋಶ ಚೆನ್ನಾಗಿ ಬೆಳೆದಿದೆಯಾ, ಬೂಷ್ಟು ಬಂದಿದೆಯಾ ಅಂತ ನೋಡುತ್ತಿದ್ದೆ. ಸ್ವಲ್ಪ ಹೊತ್ತು ತಾನೇ, ಏನಾಗತ್ತೆ ಅಂದುಕೊಂಡಿದ್ದೆ. ಎಲ್ಲ ಕೆಟ್ಟಿದ್ದೇ ಅಲ್ಲಿ.

ಕತ್ತಲಲ್ಲಿ ತಯಾರಾಗುವ ಫೈಟೋಕ್ರೋಮ್ 660 ನ್ಯಾನೋಮೀಟರ್ ಆಸುಪಾಸಿನ ಕೆಂಪು ಬೆಳಕನ್ನು ಹೀರುತ್ತದೆ. ಹೀರಿದ ಕೂಡಲೇ ರೂಪ ಬದಲಿಸಿ, 730ರ ಆಸುಪಾಸು ಹೀರತೊಡಗುತ್ತದೆ. ಇಷ್ಟೇ ಆಗಿದ್ದರೆ ತೊಂದರೆ ಇರಲಿಲ್ಲ, ಫಾರ್-ರೆಡ್ ಬೆಳಕು (ಆ 730ರ ಆಸುಪಾಸಿನ ಕಡುಗೆಂಪು) ಕೊಟ್ಟರೆ ಮೊದಲಿನ ರೂಪಕ್ಕೆ ಬರುತ್ತದೆ. ಆದರೆ ಕತ್ತಲಲ್ಲಿ ಜಾಸ್ತಿ ಕೂಡಿಕೊಳ್ಳುವುದು ಫೈಟೋಕ್ರೋಮ್‌ನ ಬಗೆಗಳಲ್ಲಿ 'ಎ' ಅನ್ನುವುದು. ಅದು ಎರಡನೇ ರೂಪಕ್ಕೆ ಬಂದರೆ ಕೋಶವೇ ಅದನ್ನು ಒಡೆದು ಹಾಕುತ್ತದೆ. ಕೆಲವು ಗಂಟೆಗಳಲ್ಲಿ ಬಹುಪಾಲು ಖಾಲಿ. ಹೊಸದನ್ನು ಮಾಡುವ ಜೀನ್‌ನ ಕೆಲಸ ಕೂಡ ತಗ್ಗುತ್ತದೆ. ನೀವು ಮತ್ತೆ ಫಾಯಿಲ್ ಸುತ್ತಿದರೂ ಒಳಗೆ ಈ ಕೆಲಸ ನಡೆದೇ ಇರುತ್ತದೆ. ನಾನು ದಿನಾ ಬೆಳಗ್ಗೆ ಅಳಿಸಿ ಹಾಕಿದ್ದನ್ನೇ ವಾರದ ಕೊನೆಗೆ ಅಳೆಯಲು ಹೋಗುತ್ತಿದ್ದೆ. ಯಂತ್ರದ ದೀಪ ಬದಲಿಸಿದೆ, ಮಾದರಿ ಹಾಕಿ ಅಳೆಯುವ ಪುಟ್ಟ ಪಾತ್ರೆ, ಅಂದರೆ ಕ್ಯುವೆಟ್ ಬದಲಿಸಿದೆ, ತಿಂಗಳುಗಟ್ಟಲೆ ಹೋಯಿತು.

1959ರಲ್ಲಿ ಅಮೆರಿಕದ ಬೆಲ್ಟ್ಸ್‌ವಿಲ್‌ನಲ್ಲಿ ಫೈಟೋಕ್ರೋಮ್ ಅನ್ನು ಮೊದಲು ಅಳೆದದ್ದು ಕತ್ತಲಲ್ಲಿ ಬೆಳೆದ ಮೆಕ್ಕೆಜೋಳದ ಮೊಳಕೆಗಳಲ್ಲಿ. ಆ ಕಾಲದ ಯಂತ್ರಕ್ಕೆ ಕಂಡದ್ದು ನಿಮ್ಮದಕ್ಕೆ ಕಾಣುತ್ತಿಲ್ಲ ಅಂದರೆ ಕೋಶಗಳನ್ನೇ ನೋಡಬೇಕು, ಅಲ್ವಾ?

ನೋಡೋದಕ್ಕೆ ಅಂತಲೇ ಬೇರೆ ಫ್ಲಾಸ್ಕ್ ಇಡಿ. ಅಳೆಯುವ ಫ್ಲಾಸ್ಕ್ ಮುಟ್ಟಲೇಬೇಡಿ. ಮಂಕು ಹಸಿರು ದೀಪ ಇದ್ದರೆ ಏನೂ ಆಗಲ್ಲ ಅನ್ನುವವರ ಮಾತು ನಾನು ಒಪ್ಪುವುದಿಲ್ಲ. ಫೈಟೋಕ್ರೋಮ್ ಹಸಿರನ್ನೂ ಸ್ವಲ್ಪ ಹೀರುತ್ತದೆ. ಕೋಶ ಸೋಸುವ ಹೊತ್ತಿಗೆ ಮಾತ್ರ ಆ ದೀಪ ಹಾಕಿ, ಸೋಸಿದ್ದನ್ನು ತಕ್ಷಣ ಐಸ್ ಮೇಲೆ ಇಡಿ.

ಇನ್ನೊಂದು. ನಿಮ್ಮ ಕೋಶಗಳು ತಿಳಿ ಹಸಿರಾಗಿವೆ ಅಂತ ಪ್ರಶ್ನೆಯ ಕೊನೆಗೆ ಸುಮ್ನೆ ಬರೆದು ಬಿಟ್ಟಿದ್ದೀರಿ. ನನಗೆ ಮುಖ್ಯ ಅನ್ನಿಸಿದ್ದೇ ಅದು. ಹೂಬಿಡುವ ಗಿಡಗಳ ಕೋಶ ಕ್ಲೋರೋಫಿಲ್ ಮಾಡಲು ಬೆಳಕು ಬೇಕೇ ಬೇಕು. ಹಸಿರು ಬಂದಿದೆ ಅಂದರೆ ಎಲ್ಲಿಂದಲೋ ಬೆಳಕು ನುಗ್ಗುತ್ತಿದೆ. ಮೇಲಾಗಿ ಕ್ಲೋರೋಫಿಲ್ ಕೂಡ ಅದೇ ಕೆಂಪನ್ನು ಹೀರುವುದರಿಂದ ಫೈಟೋಕ್ರೋಮ್ ರೂಪ ಬದಲಿಸಿದಾಗ ಹೀರುವಿಕೆಯಲ್ಲಿ ಕಾಣುವ ಸಣ್ಣ ವ್ಯತ್ಯಾಸ ಅದರಡಿ ಮುಚ್ಚಿಹೋಗುತ್ತದೆ. ಮೊದಲು ಫ್ಲಾಸ್ಕ್ ಬಾಯಿಯ ಹತ್ತಿ ಬಿರಡೆಯ ಸುತ್ತ ಫಾಯಿಲ್ ಪೂರ್ತಿ ಕೂತಿದೆಯಾ ನೋಡಿ.