ಮನಃಶಾಸ್ತ್ರ ನಿಜವಾಗಿ ವಿಜ್ಞಾನವೇ? ಮನುಷ್ಯನ ಸ್ವಭಾವಕ್ಕೆ ನಿಯಮ ಅಂತ ಇದೆಯೇ?

ನಿಮ್ಮ ಪ್ರಶ್ನೆ ಓದಿದ ಕೂಡಲೇ ಉತ್ತರ ಬರೆಯಬೇಕು ಅನಿಸಿತು. ಜಮಖಂಡಿಯಲ್ಲಿ ಪಿಯುಸಿ ಮುಗಿಸಿದ್ದೀರಿ, ಬಿ.ಎ.ಗೆ ಮನಃಶಾಸ್ತ್ರ ತೆಗೆದುಕೊಳ್ಳುವ ಆಸೆ ಇದೆ. ಆದರೆ ಎಂ.ಎಸ್ಸಿ. ಭೌತಶಾಸ್ತ್ರ ಓದುತ್ತಿರುವ ನಿಮ್ಮ ಅಣ್ಣ, "ಅದು ವಿಜ್ಞಾನನ ಅಲ್ಲ, ಮನಸ್ಸೇನು ತಕ್ಕಡ್ಯಾಗ ತೂಗಾಕ ಬರ್ತೈತೇನು?" ಅಂತ ಕೇಳುತ್ತಾನೆ. ಮನುಷ್ಯನ ಸ್ವಭಾವಕ್ಕೆ ನಿಯಮ ಇದ್ದರೆ ನಮ್ಮ ಸ್ವಾತಂತ್ರ್ಯ ಎಲ್ಲಿ ಉಳಿಯಿತು ಅಂತ ನೀವೂ ಕೇಳಿದ್ದೀರಿ. ನಾನು ವಿಜಯಪುರದಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಡಿ.ಎಡ್. ಪ್ರಶಿಕ್ಷಣಾರ್ಥಿಗಳಿಗೆ ಮನೋವಿಜ್ಞಾನ ಕಲಿಸಿದವನು. ಈ ಪ್ರಶ್ನೆ ನನ್ನನ್ನೂ ಬಹಳ ಕಾಡಿದೆ.

ಅಣ್ಣನ ತಕ್ಕಡಿಯಿಂದಲೇ ಶುರು ಮಾಡೋಣ. ನಿಮ್ಮ ಕೈಯಲ್ಲಿ ಒಂದು ಕಿಲೋ ಜೋಳ ಇದೆ ಅಂದುಕೊಳ್ಳಿ. ಅದಕ್ಕೆ 50 ಗ್ರಾಂ ಸೇರಿಸಿದರೆ ಕೈಗೆ ಗೊತ್ತಾಗಬಹುದು. ತಲೆ ಮೇಲೆ 20 ಕಿಲೋ ಚೀಲ ಇರುವಾಗ ಅದೇ 50 ಗ್ರಾಂ ಹಾಕಿದರೆ ಏನೂ ಗೊತ್ತಾಗುವುದಿಲ್ಲ. ವ್ಯತ್ಯಾಸ ಗೊತ್ತಾಗಬೇಕಾದರೆ ಮೊದಲಿದ್ದ ತೂಕದ ಇಂತಿಷ್ಟು ಪಾಲು ಸೇರಬೇಕು. ಇದನ್ನು ಜರ್ಮನಿಯ ವೆಬರ್ ಕಂಡುಕೊಂಡರು. ಫೆಕ್ನರ್ 1860ರಲ್ಲಿ ಅದನ್ನು ಗಣಿತದ ಸೂತ್ರವಾಗಿ ಬರೆದರು. ಫೆಕ್ನರ್ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು, ಅಣ್ಣನಿಗೆ ಇದನ್ನು ಹೇಳಿ! ತಕ್ಕಡಿ ತೋರಿಸುವ ತೂಕ ಒಂದು, ಮನಸ್ಸಿಗೆ ಅನಿಸುವ ತೂಕ ಇನ್ನೊಂದು. ಆ ಎರಡರ ನಡುವೆ ನಿಯಮ ಇದೆ. ಆ ನಿಯಮ ಅವರಿಬ್ಬರೂ ಇದ್ದ ಜರ್ಮನಿಯ ಲೈಪ್‌ಜಿಗ್ ಊರಲ್ಲೂ ಒಂದೇ, ನಮ್ಮ ಎಪಿಎಂಸಿ ಹಮಾಲರ ತಲೆ ಮೇಲೂ ಒಂದೇ.

ಮರೆವಿನ ವಿಷಯವೂ ಹಾಗೆಯೇ. ಎಬ್ಬಿಂಗ್‌ಹೌಸ್ ಅನ್ನುವವರು ಅರ್ಥವಿಲ್ಲದ ಅಕ್ಷರಗಳ ಪಟ್ಟಿಗಳನ್ನು ತಾವೇ ಬಾಯಿಪಾಠ ಮಾಡಿದರು, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಅಂತ ಅಳೆದರು, 1885ರಲ್ಲಿ ಪ್ರಕಟಿಸಿದರು. 130 ವರ್ಷಗಳ ನಂತರ, 2015ರಲ್ಲಿ, ಬೇರೆಯವರು ಅದೇ ಪ್ರಯೋಗ ಮತ್ತೆ ಮಾಡಿ ನೋಡಿದರು. ನಕ್ಷೆಯಲ್ಲಿ ಮರೆವಿನ ಗೆರೆ ಹೆಚ್ಚುಕಡಿಮೆ ಅದೇ ಬಂತು. ಇಷ್ಟು ಗಟ್ಟಿಯಾಗಿ ನಿಂತದ್ದನ್ನು ವಿಜ್ಞಾನ ಅಲ್ಲ ಅನ್ನಲು ನನಗಂತೂ ಆಗುವುದಿಲ್ಲ.

ಹಾಗಂತ ನಿಮ್ಮ ಅಣ್ಣನದು ಪೂರ್ತಿ ತಪ್ಪು ಅಂತಲೂ ಹೇಳಲಾರೆ. ಅವನ ಅನುಮಾನಕ್ಕೆ ದೊಡ್ಡವರ ಬೆಂಬಲ ಇದೆ. ಕಾರ್ಲ್ ಪಾಪರ್ ಅನ್ನುವ ತತ್ವಜ್ಞಾನಿ ಹುಡುಗನಾಗಿದ್ದಾಗ ವಿಯೆನ್ನಾದಲ್ಲಿ ಆಡ್ಲರ್ ಎಂಬ ಪ್ರಸಿದ್ಧ ಮನೋವೈದ್ಯರ ಜೊತೆ ಕೆಲಸ ಮಾಡುತ್ತಿದ್ದರು. 1919ರಲ್ಲಿ ಪಾಪರ್ ಅವರಿಗೆ ಒಂದು ಮಗುವಿನ ವಿಷಯ ಹೇಳಿದರು. ಆಡ್ಲರ್ ಮಗುವನ್ನು ನೋಡಲೇ ಇಲ್ಲ, ಕೂತಲ್ಲೇ ಕಾರಣ ಹೇಳಿಬಿಟ್ಟರು. ಪಾಪರ್‌ಗೆ ಅದು ಸರಿ ಕಾಣಲಿಲ್ಲ. ಮುಂದೆ ಅವರು ಒಂದು ಉದಾಹರಣೆ ಕೊಟ್ಟರು. ಒಬ್ಬ ಮಗುವನ್ನು ಮುಳುಗಿಸಲು ನೀರಿಗೆ ನೂಕುತ್ತಾನೆ. ಇನ್ನೊಬ್ಬ ಮಗುವನ್ನು ಉಳಿಸಲು ತಾನೇ ನೀರಿಗೆ ಹಾರುತ್ತಾನೆ. ಮನೋವಿಶ್ಲೇಷಣೆ ಶುರು ಮಾಡಿದ ಫ್ರಾಯ್ಡ್ ಅವರ ಸಿದ್ಧಾಂತ ಇಬ್ಬರನ್ನೂ ವಿವರಿಸುತ್ತದೆ, ಆಡ್ಲರ್ ಅವರದೂ ಇಬ್ಬರನ್ನೂ ವಿವರಿಸುತ್ತದೆ. ಏನೇ ನಡೆದರೂ "ನಾನು ಹೇಳಿದ್ದೇ ಸರಿ" ಅನ್ನುವ ಮಾತು ವಿಜ್ಞಾನ ಹೇಗಾದೀತು? ಏನು ನಡೆದರೆ ತಾನು ಸುಳ್ಳು ಅಂತ ಒಂದು ಸಿದ್ಧಾಂತ ಮೊದಲೇ ಹೇಳಬೇಕು. ಪಾಪರ್ ಅವರ ಈ ಅಳತೆಗೋಲು ನನಗೆ ಇವತ್ತಿಗೂ ಬಹಳ ಬೇಕಾದದ್ದು.

ಈಗ ನನ್ನದೇ ಒಂದು ತಪ್ಪಿನ ಕಥೆ ಹೇಳಬೇಕು. ನನಗೆ ಈ ವಿಷಯ ಪುಸ್ತಕಕ್ಕಿಂತ ಜಾಸ್ತಿ ಅಲ್ಲಿಂದಲೇ ಅರ್ಥವಾಯಿತು.

ಬೋಧನಾಭ್ಯಾಸಕ್ಕೆ ಅಂತ ನಮ್ಮ ಪ್ರಶಿಕ್ಷಣಾರ್ಥಿಗಳನ್ನು ಇಂಡಿ ಕಡೆಯ ಒಂದು ಪ್ರಾಥಮಿಕ ಶಾಲೆಗೆ ಕರೆದುಕೊಂಡು ಹೋಗಿದ್ದೆ. ದಸರಾ ರಜೆ ಮುಗಿದಿತ್ತು. ಪಾಠದಲ್ಲಿ ಆಗತಾನೇ ಅಮೆರಿಕದ ಒಂದು ಪ್ರಸಿದ್ಧ ಪ್ರಯೋಗ ಹೇಳಿದ್ದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ವಾಲ್ಟರ್ ಮಿಶೆಲ್ ಅವರು 1960ರ ದಶಕದ ಕೊನೆಗೆ ಶುರು ಮಾಡಿದ್ದು. ಮಗುವಿನ ಮುಂದೆ ಒಂದು ಸಿಹಿ ಇಡುತ್ತಾರೆ. "ಈಗಲೇ ತಿಂದರೆ ಒಂದೇ. ನಾನು ವಾಪಸ್ ಬರುವ ತನಕ ಕಾದರೆ ಎರಡು" ಅನ್ನುತ್ತಾರೆ. ಹೆಚ್ಚು ಹೊತ್ತು ಕಾದ ಮಕ್ಕಳು ಮುಂದೆ ಓದಿನಲ್ಲೂ ಚೆನ್ನಾಗಿ ಮಾಡಿದರು ಅಂತ ನಂತರದ ವರದಿಗಳು ಹೇಳಿದವು. ನಾವೂ ಮಾಡಿ ನೋಡೋಣ ಅಂತ ಶೇಂಗಾ ಚಿಕ್ಕಿ ತಗೊಂಡು ಹೋದೆವು.

ಎರಡನೇ ತರಗತಿಯ ಒಬ್ಬ ಹುಡುಗ ಚಿಕ್ಕಿ ಕೈಗೆ ಬಂದ ಕೂಡಲೇ ಬಾಯಿಗೆ ಹಾಕಿಕೊಂಡ. ಒಂದು ಕ್ಷಣವೂ ಯೋಚಿಸಲಿಲ್ಲ. ನಾನು ವ್ಯಕ್ತಿ ಅಧ್ಯಯನದ ಪುಸ್ತಕದಲ್ಲಿ "ಸಂಯಮ ಕಡಿಮೆ" ಅಂತ ಬರೆಸಿದೆ. ಆ ಪುಸ್ತಕ ತರಗತಿಯ ಶಿಕ್ಷಕರ ಕೈಗೂ ಹೋಯಿತು. ಮರುದಿನ ಅವನು ಬೇರೆ ಏನೋ ಕೇಳಲು ಎದ್ದು ನಿಂತಾಗ ಅವರು ಎಲ್ಲರ ಮುಂದೆ, "ಕೂಡ್ರಪಾ, ನಿನಗ ತಡ್ಕೊಳ್ಳಾಕ ಬರೂದಿಲ್ಲಂತ ಸರ್ ಬರದಾರ" ಅಂದರು. ಹುಡುಗ ಕೂತ. ಆಮೇಲೆ ನಾವು ಅಲ್ಲಿದ್ದಷ್ಟು ದಿನವೂ ಅವನು ಕೈ ಎತ್ತಲಿಲ್ಲ.

ಕೊನೆಯ ದಿನ ಮನಸ್ಸು ತಡೆಯದೆ ಅವನನ್ನೇ ಕೇಳಿದೆ, ಯಾಕಪ್ಪಾ ಕಾಯಲಿಲ್ಲ ಅಂತ. ಅವನು ಹೇಳಿದ: "ನಾಳೆ ನಾವು ಕಬ್ಬು ಕಡ್ಯಾಕ ಹೊಂಟೀವ್ರಿ. ನೀವು ಯಾವಾಗ ಬರ್ತೀರೋ ಏನೋ. ಕೈಯಾಗ ಇದ್ದದ್ದ ನಮ್ಮದ್ರಿ ಸರ್ರ."

ಅವನು ಲಂಬಾಣಿ ತಾಂಡಾದ ಹುಡುಗ. ಪ್ರತಿ ವರ್ಷ ಆ ದಿನಗಳಲ್ಲಿ ಕಬ್ಬು ಕಡಿಯಲು ಆಳುಗಳನ್ನು ಕರೆದೊಯ್ಯುವ ಮುಕಾದಮ ಮುಂಗಡ ಕೊಡುತ್ತಾನೆ. ಇಡೀ ಕುಟುಂಬ ಟ್ರ್ಯಾಕ್ಟರ್ ಹತ್ತಿ ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಗಳ ಕಡೆಗೆ ಹೋಗುತ್ತದೆ, ಯುಗಾದಿ ಹತ್ತಿರ ಬಂದಾಗ ಮರಳುತ್ತದೆ. "ಆಮೇಲೆ ಕೊಡ್ತೀನಿ" ಅಂದವರು ಕೊಡದೇ ಹೋದದ್ದನ್ನು ಅವನು ಎಷ್ಟು ಸಲ ನೋಡಿರಬೇಕು! ಅವನದು ಸಂಯಮದ ಕೊರತೆ ಆಗಿರಲಿಲ್ಲ, ಲೆಕ್ಕಾಚಾರ ಆಗಿತ್ತು. ಅದೂ ಸರಿಯಾದ ಲೆಕ್ಕಾಚಾರ.

ಇದು ಬರೀ ನನ್ನ ಅನಿಸಿಕೆ ಆಗಿದ್ದರೆ ಇಷ್ಟು ಧೈರ್ಯವಾಗಿ ಬರೆಯುತ್ತಿರಲಿಲ್ಲ. ಅಮೆರಿಕದ ರಾಚೆಸ್ಟರ್‌ನಲ್ಲಿ ಸೆಲೆಸ್ಟ್ ಕಿಡ್ ಮತ್ತು ಅವರ ಜೊತೆಗಾರರು ಇದನ್ನೇ ಪರೀಕ್ಷಿಸಿದ್ದರು. ಸಿಹಿ ಇಡುವ ಮೊದಲು ಕೆಲವು ಮಕ್ಕಳಿಗೆ "ಚಿತ್ರ ಬಿಡಿಸಲು ಇನ್ನೂ ಒಳ್ಳೆಯ ಸಾಮಾನು ತಂದು ಕೊಡ್ತೀನಿ" ಅಂತ ಹೇಳಿ ಕೊಡಲಿಲ್ಲ. ಉಳಿದ ಮಕ್ಕಳಿಗೆ ಹೇಳಿದ ಹಾಗೆ ತಂದು ಕೊಟ್ಟರು. ಮಾತು ಉಳಿಸಿಕೊಂಡವರನ್ನು ಕಂಡ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮಾತು ತಪ್ಪಿದವರನ್ನು ಕಂಡವರು 3 ನಿಮಿಷ. ಇದು 2013ರಲ್ಲಿ ಪ್ರಕಟವಾಯಿತು. ಮಕ್ಕಳು 28 ಮಾತ್ರ, ಅದನ್ನೂ ನೆನಪಿಡಿ. ಮುಂದೆ 2018ರಲ್ಲಿ 900ಕ್ಕೂ ಹೆಚ್ಚು ಮಕ್ಕಳ ಮಾಹಿತಿ ಇಟ್ಟುಕೊಂಡು ಮಿಶೆಲ್ ಅವರ ಫಲಿತಾಂಶವನ್ನೇ ಮತ್ತೆ ನೋಡಿದರು. ಕಾಯುವುದಕ್ಕೂ ಮುಂದಿನ ಓದಿಗೂ ಇರುವ ನಂಟು ಮೊದಲು ಹೇಳಿದ್ದರ ಅರ್ಧದಷ್ಟು ಮಾತ್ರ ಇತ್ತು. ಮನೆಯ ಪರಿಸ್ಥಿತಿಯಂಥ ವಿಷಯಗಳನ್ನು ಲೆಕ್ಕಕ್ಕೆ ತಗೊಂಡಾಗ ಅದರಲ್ಲೂ ಮೂರನೇ ಎರಡು ಭಾಗ ಕರಗಿತು. ಮೊದಲ ಪ್ರಯೋಗದ ಮಕ್ಕಳು ಹೆಚ್ಚಾಗಿ ಆ ವಿಶ್ವವಿದ್ಯಾಲಯದವರ ಮಕ್ಕಳೇ. ಅವರ ಮನೆಯಲ್ಲಿ ದೊಡ್ಡವರು ಕೊಡ್ತೀನಿ ಅಂದರೆ ಕೊಡುತ್ತಿದ್ದರು.

ನಾನು ಇಷ್ಟು ವರ್ಷದಲ್ಲಿ ಕಂಡುಕೊಂಡದ್ದು ಇಲ್ಲಿದೆ. ನೀವು ವಿಜಯಪುರಕ್ಕೆ ಬಂದಾಗ ಗೋಲಗುಮ್ಮಟದ ಪಿಸುಮಾತಿನ ಗ್ಯಾಲರಿ ಹತ್ತಿರುತ್ತೀರಿ. ಒಳಗಿನ ಅಡ್ಡಳತೆ ಸುಮಾರು 38 ಮೀಟರ್. ಈ ಕಡೆ ಗೋಡೆಗೆ ಬಾಯಿ ಇಟ್ಟು ಪಿಸುಗುಟ್ಟಿದರೆ ಆ ಕಡೆ ಕೇಳುತ್ತದೆ. ಬಾಗಿದ ಗೋಡೆಯ ಗುಂಟ ಶಬ್ದ ಹರಿದು ಹೋಗುತ್ತದೆ, ಅದಕ್ಕೆ ಭೌತಶಾಸ್ತ್ರದಲ್ಲಿ ವಿವರಣೆ ಇದೆ. ಆ ವಿವರಣೆಯನ್ನು ನೀವು ಗೋಡೆಗೆ ಓದಿ ಹೇಳಿದರೂ ಗೋಡೆ ಬದಲಾಗುವುದಿಲ್ಲ. ನಾಳೆಯೂ ಹಾಗೇ ಪಿಸುಮಾತನ್ನು ದಾಟಿಸುತ್ತದೆ. ಮನುಷ್ಯ ಹಾಗಲ್ಲ. ಅವನ ಬಗ್ಗೆ ನಾವು ಹೇಳಿದ್ದು ಅವನಿಗೆ ಕೇಳಿಸುತ್ತದೆ, ಕೇಳಿಸಿದ ಮೇಲೆ ಅವನು ಮೊದಲಿನ ಹಾಗೆ ಇರುವುದಿಲ್ಲ. ಆ ಹುಡುಗನ ಕೈ ಮೇಲೆ ಏಳದೇ ಹೋದದ್ದು ಹೀಗೆಯೇ ಅಲ್ವಾ? ಕೆನಡಾದ ತತ್ವಜ್ಞಾನಿ ಇಯಾನ್ ಹ್ಯಾಕಿಂಗ್ ಇದಕ್ಕೆ ಲೂಪಿಂಗ್ ಪರಿಣಾಮ ಅಂತ ಹೆಸರಿಟ್ಟರು. ನಾವು ಅಂಟಿಸಿದ ಹೆಸರು ಮನುಷ್ಯನನ್ನು ಬದಲಿಸುತ್ತದೆ, ಬದಲಾದ ಮನುಷ್ಯ ಆ ಹೆಸರಿನ ಅರ್ಥವನ್ನೇ ಬದಲಿಸುತ್ತಾನೆ.

ಮನಃಶಾಸ್ತ್ರ ಕಷ್ಟವಾಗಿರುವುದು ಮನಸ್ಸು ಅಳತೆಗೆ ಸಿಗುವುದಿಲ್ಲ ಅಂತ ಅಲ್ಲ. ಅಳೆಸಿಕೊಳ್ಳುವವನು ಅಳತೆಯನ್ನು ಕೇಳಿಸಿಕೊಳ್ಳುತ್ತಾನೆ, ಅದಕ್ಕೆ. ಭಾರ, ಬೆಳಕು, ಮರೆವು ಇಂಥವುಗಳಲ್ಲಿ ಈ ತೊಂದರೆ ಕಡಿಮೆ, ಹಾಗಾಗಿ ಅಲ್ಲಿನ ನಿಯಮಗಳು ಗಟ್ಟಿ. ಬುದ್ಧಿ, ಸಂಯಮ, ಒಳ್ಳೆಯತನ ಅಂತ ಬಂದ ಕೂಡಲೇ ತೊಂದರೆ ಬೆಳೆಯುತ್ತದೆ. 2015ರಲ್ಲಿ ನೂರು ಪ್ರಕಟಿತ ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದ ದೊಡ್ಡ ಪ್ರಯತ್ನ ಒಂದಿದೆ. ಮೂಲದಲ್ಲಿ 97ರಷ್ಟು ಅಧ್ಯಯನಗಳಿಗೆ ಸ್ಪಷ್ಟ ಫಲಿತಾಂಶ ಇತ್ತು, ಎರಡನೇ ಸಲ ಬಂದದ್ದು ಶೇ. 36ಕ್ಕೆ ಮಾತ್ರ. ಗ್ರಹಿಕೆ, ನೆನಪು ಇವುಗಳ ಅಧ್ಯಯನಗಳು ಹೆಚ್ಚು ಉಳಿದವು, ಸಾಮಾಜಿಕ ನಡವಳಿಕೆಯವು ಹೆಚ್ಚು ಬಿದ್ದವು. ಬಿದ್ದದ್ದಕ್ಕೆ ಸಣ್ಣ ಗುಂಪುಗಳ ಮೇಲಿನ ಪ್ರಯೋಗ, ಚೆನ್ನಾಗಿ ಬಂದದ್ದನ್ನಷ್ಟೇ ಪ್ರಕಟಿಸುವ ಚಟ ಇವೂ ಕಾರಣ. ಅಣ್ಣ ಈ ಅಂಕಿ ಹಿಡಿದು ವಾದ ಮಾಡಬಹುದು. ಆದರೆ ಪರೀಕ್ಷೆ ಮಾಡಿ ತಪ್ಪನ್ನು ಲೋಕಕ್ಕೆಲ್ಲ ತೋರಿಸಿದವರೂ ಮನಃಶಾಸ್ತ್ರದವರೇ. ಪಾಪರ್ ಕೇಳಿದ್ದು ಅದನ್ನೇ ಅಲ್ವಾ?

ಬುದ್ಧಿಮತ್ತೆ ಅಂದಾಗ ನಮ್ಮ ಭಾಗದ ಒಂದು ಸಂಗತಿ ಹೇಳದೇ ಮುಂದೆ ಹೋಗಲಾರೆ. ಫ್ರಾನ್ಸಿನ ಬಿನೆ 1905ರಲ್ಲಿ ಮೊದಲ ಪರೀಕ್ಷೆ ಮಾಡಿದ್ದು, ಶಾಲೆಯಲ್ಲಿ ಯಾವ ಮಗುವಿಗೆ ಹೆಚ್ಚಿನ ಸಹಾಯ ಬೇಕು ಅಂತ ಗುರುತಿಸಲು. ಬುದ್ಧಿ ಹುಟ್ಟಿನಿಂದ ಇಷ್ಟೇ, ಬೆಳೆಯುವುದಿಲ್ಲ ಅನ್ನುವವರನ್ನು ಅವರು ಕಟುವಾಗಿ ವಿರೋಧಿಸಿದರು. ಆ ಪರೀಕ್ಷೆಯನ್ನು ನಮ್ಮ ಮಕ್ಕಳಿಗೆ ಹೊಂದಿಸಿದವರು ವಿ.ವಿ. ಕಾಮತ್. ಬರೀ ಅನುವಾದ ಮಾಡಲಿಲ್ಲ. ಕನ್ನಡ, ಮರಾಠಿ ಮಾತಾಡುವ ಮಕ್ಕಳ ಮೇಲೆ ಪ್ರಯೋಗಿಸಿ, ಪ್ರಶ್ನೆಗಳನ್ನು ತಿದ್ದಿದರು. 1940ರಲ್ಲಿ ಅದರ ಪುಸ್ತಕ ಬಂತು. ಬೆಳಗಾವಿ, ವಿಜಯಪುರ, ಧಾರವಾಡ ಎಲ್ಲ ಆಗ ಮುಂಬೈ ಪ್ರಾಂತ್ಯದಲ್ಲಿದ್ದವು, ಅದಕ್ಕೇ ಬಾಂಬೆ-ಕರ್ನಾಟಕ ಪರಿಷ್ಕರಣೆ ಅಂತ ಹೆಸರು. ಬಿನೆ-ಕಾಮತ್ ಪರೀಕ್ಷೆ ಅಂತ ದೇಶದಲ್ಲಿ ಈಗಲೂ ಬಳಕೆಯಲ್ಲಿದೆ. ಪ್ಯಾರಿಸ್ಸಿನ ಮಗುವಿಗೆ ಕೇಳಿದ ಪ್ರಶ್ನೆ ನಮ್ಮ ಮಗುವಿಗೆ ಸಲ್ಲುವುದಿಲ್ಲ ಅಂತ ಅವರು ಅಷ್ಟು ಹಿಂದೆಯೇ ತಿಳಿದಿದ್ದರು. ಮನೆಯಲ್ಲಿ ಲಂಬಾಣಿ ಮಾತಾಡುವ ಮಗುವಿಗೆ ಕನ್ನಡದಲ್ಲಿ ಕೇಳಿ ಅಂಕ ಹಾಕುವವರಿಗೂ ಈ ಎಚ್ಚರ ಇರಬೇಕು. ನನಗಂತೂ ತಡವಾಗಿ ಬಂತು. (ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲೇ ಮನಃಶಾಸ್ತ್ರ ವಿಭಾಗ ಇತ್ತು. ನಮ್ಮಲ್ಲಿ ಈ ಶಾಸ್ತ್ರ ನಿನ್ನೆ ಮೊನ್ನೆ ಬಂದದ್ದಲ್ಲ.)

ಹಾಗಾಗಿ ಯಾರಾದರೂ "ಮನುಷ್ಯ ಸ್ವಭಾವವೇ ಹೀಗೆ" ಅಂದರೆ, ಯಾವ ಊರಿನ ಮನುಷ್ಯ ಅಂತ ಕೇಳಿ. ಅಮೆರಿಕದ ಪ್ರಮುಖ ಮನಃಶಾಸ್ತ್ರ ಸಂಶೋಧನಾ ಪತ್ರಿಕೆಗಳ ಅಧ್ಯಯನಗಳನ್ನು ಲೆಕ್ಕ ಹಾಕಿದಾಗ, ಅವುಗಳಲ್ಲಿ ಭಾಗವಹಿಸಿದವರಲ್ಲಿ ಶೇ. 96ರಷ್ಟು ಜನ ಪಾಶ್ಚಾತ್ಯ ಶ್ರೀಮಂತ ದೇಶಗಳವರು ಅಂತ 2008ರಲ್ಲಿ ತಿಳಿಯಿತು. ಜಗತ್ತಿನ ಜನಸಂಖ್ಯೆಯಲ್ಲಿ ಆ ದೇಶಗಳ ಪಾಲು ಶೇ. 12 ಮಾತ್ರ. ಉಳಿದ 88ರಲ್ಲಿ ನೀವೂ ಇದ್ದೀರಿ, ನಾನೂ ಇದ್ದೇನೆ, ಚಿಕ್ಕಿ ತಿಂದ ಆ ಹುಡುಗನೂ ಇದ್ದಾನೆ.

ಇನ್ನು ಸ್ವಾತಂತ್ರ್ಯದ ಪ್ರಶ್ನೆ. ನಿಯಮ ಇದೆ ಅಂದ ಮಾತ್ರಕ್ಕೆ ಸ್ವಾತಂತ್ರ್ಯ ಹೋಯಿತು ಅಂತ ನನಗೆ ಅನಿಸುವುದಿಲ್ಲ. 1983ರಲ್ಲಿ ಲಿಬೆಟ್ ಅನ್ನುವವರು, ಕೈ ಆಡಿಸಬೇಕು ಅಂತ ನಮಗೆ ಅನಿಸುವ ಮೊದಲೇ ಮಿದುಳಿನಲ್ಲಿ ತಯಾರಿ ಶುರುವಾಗಿರುತ್ತದೆ ಅಂತ ತೋರಿಸಿದರು. ಅದರ ಅರ್ಥ ಏನು ಅನ್ನುವ ಜಗಳ ಇನ್ನೂ ಮುಗಿದಿಲ್ಲ. ಬೆರಳು ಆಡಿಸುವುದು ಒಂದು, ಮಗಳನ್ನು ಓದಿಸಬೇಕೋ ಬೇಡವೋ ಅಂತ ತಿಂಗಳುಗಟ್ಟಲೆ ಯೋಚಿಸುವುದು ಇನ್ನೊಂದು. ನನ್ನ ಬಗ್ಗೆ ಹೇಳಿದ ನಿಯಮವನ್ನು ಕೇಳಿಸಿಕೊಂಡು "ನಾನು ಹಾಗಾಗುವುದಿಲ್ಲ" ಅಂತ ನಿರ್ಧರಿಸಲು ನನಗೆ ಬರುತ್ತದೆ. ನನ್ನ ಸ್ವಾತಂತ್ರ್ಯವನ್ನು ನಾನು ಅಲ್ಲಿ ಹುಡುಕುತ್ತೇನೆ.

ಆ ಹುಡುಗನ ಪುಟದಲ್ಲಿ "ಸಂಯಮ ಕಡಿಮೆ" ಅನ್ನುವುದನ್ನು ಹೊಡೆದು ಹಾಕಿ, ಅವನು ಹೇಳಿದ ಮಾತನ್ನೇ ಹಾಗೇ ಬರೆಸಿದೆ. ಶಿಕ್ಷಕರ ಹತ್ತಿರವೂ ಮಾತಾಡಿದೆ. ಅಷ್ಟರಲ್ಲಿ ಅವನ ಮನೆಯವರ ಟ್ರ್ಯಾಕ್ಟರ್ ಹೋಗಿತ್ತು.

ನೀವು ಮನಃಶಾಸ್ತ್ರ ತಗೊಳ್ಳಿ. ಸಂಖ್ಯಾಶಾಸ್ತ್ರ ಕಲಿಯಬೇಕಾಗುತ್ತದೆ, ಅದಕ್ಕೆ ಹೆದರಬೇಡಿ. ಎಷ್ಟು ಜನರ ಮೇಲೆ ಮಾಡಿದರು, ಅವರು ಯಾರು, ಮತ್ತೆ ಮಾಡಿದಾಗ ಬಂತಾ ಅಂತ ಕೇಳುವುದನ್ನು ಅದೇ ಕಲಿಸುತ್ತದೆ. ಪ್ರಾಕ್ಟಿಕಲ್‌ನಲ್ಲಿ ವೆಬರ್ ಅವರ ತೂಕದ ಪ್ರಯೋಗ ಬಂದರೆ ಮನೆಯಲ್ಲೂ ಮಾಡಿ ನೋಡಿ. ಅಣ್ಣನ ಕಣ್ಣಿಗೆ ಬಟ್ಟೆ ಕಟ್ಟಿ, ಕೈಗೆ ಜೋಳದ ಚೀಲ ಕೊಟ್ಟು, ಹತ್ತತ್ತು ಗ್ರಾಂ ಸೇರಿಸುತ್ತಾ ಹೋಗಿ. ಯಾವ ತೂಕಕ್ಕೆ ಎಷ್ಟು ಸೇರಿದಾಗ ಅವನು "ಹೂಂ, ಈಗ ಗೊತ್ತಾತು" ಅಂದ ಅಂತ ಬರೆದುಕೊಳ್ಳಿ. ಆ ಅಂಕಿಗಳನ್ನು ನನಗೂ ಕಳಿಸಿ, ಕೂತು ನೋಡೋಣ.