ಅಪ್ಪನಿಗೆ ಮಿಲ್ಲಿನ ದಿನಗಳು ನೆನಪಿವೆ, ಹೋದ ತಿಂಗಳು ನೆನಪಿಲ್ಲ: ಇದು ಮರೆವೇ?

ದಾವಣಗೆರೆಯಿಂದ ನೀವು ಕೇಳಿದ್ದು: 72ರ ತಂದೆ ಕಾಟನ್ ಮಿಲ್ಲಿನ ದಿನಗಳನ್ನು ಪಾಳಿ ಸಮೇತ ವರ್ಣಿಸುತ್ತಾರೆ. ತಾಯಿ ತೀರಿಕೊಂಡ ಮೇಲಿನ ಈ ಒಂದು ವರ್ಷದ ಬಗ್ಗೆ ಕೇಳಿದರೆ ಮಾತ್ರ "ಏನೈತಪ್ಪ, ಎಲ್ಲಾ ಅಷ್ಟೇ" ಅಂದುಬಿಡುತ್ತಾರೆ. ಇದು ವಯಸ್ಸೋ, ಮರೆಗುಳಿತನವೋ, ಮನಸ್ಸಿನ ನೋವೋ?

ಮಿಲ್ಲಿನ ನೆನಪು ಗಟ್ಟಿಯಾಗಿರುವುದು ಸಹಜ. ಮುಪ್ಪಿನಲ್ಲಿ ಹೆಚ್ಚಾಗಿ ಮೇಲೆದ್ದು ಬರುವುದು ಸುಮಾರು 10ರಿಂದ 30ರ ವಯಸ್ಸಿನ ನೆನಪುಗಳೇ. ಮೊದಲ ಸಂಬಳ, ಮದುವೆ, ಮೊದಲ ಮಗು ಬರುವುದು ಆ ಕಾಲದಲ್ಲೇ ತಾನೆ. ವಯಸ್ಸಾದಂತೆ ಸಣ್ಣ ವಿವರಗಳು ಸವೆದು ಸಾರ ಉಳಿಯುವುದೂ ಸಹಜವೇ.

ನನಗೆ ಚಿಂತೆ ಆದದ್ದು ಆ "ಎಲ್ಲಾ ಅಷ್ಟೇ" ಎಂಬ ಮಾತಿನಿಂದ. ಖಿನ್ನತೆಯಲ್ಲಿ ಮನಸ್ಸು ಒಂದು ನಿರ್ದಿಷ್ಟ ದಿನದವರೆಗೆ ಇಳಿಯದೆ ಮೇಲೆಮೇಲೇ ನಿಂತುಬಿಡುತ್ತದೆ. 1986ರಲ್ಲಿ ವಿಲಿಯಮ್ಸ್ ಮತ್ತು ಬ್ರಾಡ್‌ಬೆಂಟ್ ಎಂಬ ಮನೋವಿಜ್ಞಾನಿಗಳು ಆತ್ಮಹತ್ಯೆಗೆ ಯತ್ನಿಸಿ ಬದುಕುಳಿದವರಲ್ಲಿ ಇದನ್ನು ಗುರುತಿಸಿದರು. ನೆನಪು ಹುಡುಕುವಾಗ ಹಳೆಯ ಕೊರಗು ನಡುವೆ ಸೆಳೆದುಕೊಳ್ಳುತ್ತದೆ, ನೋವಿನ ದಿನವನ್ನು ಮುಟ್ಟಲು ಮನಸ್ಸು ಹಿಂಜರಿಯುತ್ತದೆ, ಹುಡುಕಲು ಬೇಕಾದ ಗಮನವೂ ಸೋತಿರುತ್ತದೆ. ಇನ್ನೊಂದು ಮಾತು: ವಯಸ್ಸಾದವರ ಮನಸ್ಸು ಸಾಮಾನ್ಯವಾಗಿ ಒಳ್ಳೆಯದರ ಕಡೆಗೇ ವಾಲುತ್ತದೆ. ಬರೀ ಪಶ್ಚಾತ್ತಾಪವೇ ಬರುತ್ತಿದ್ದರೆ ಅದನ್ನು ವಯಸ್ಸಿನ ತಲೆಗೆ ಕಟ್ಟಬೇಡಿ.

ನಿರ್ದಿಷ್ಟ ದಿನದ ನೆನಪಿಗೆ ಇಳಿಯುವುದನ್ನು ಮನೆಯಲ್ಲೇ ಅಭ್ಯಾಸ ಮಾಡಿಸಬಹುದು. ವಾರಕ್ಕೊಂದು ಸಲ, ನಾಲ್ಕು ವಾರ ಕೂತುಕೊಳ್ಳಿ. ಮಳೆ, ಬಸ್ಸು, ನಗು, ಹೀಗೆ ಒಂದು ಪದ ಕೊಟ್ಟು, ಅದಕ್ಕೆ ಹೊಂದುವ ಒಂದು ಘಟನೆ ಹೇಳಲು ಬಿಡಿ. ಅದು ಒಂದು ದಿನದೊಳಗೆ ಮುಗಿದದ್ದಾಗಿರಬೇಕು. "ಜಾತ್ರೆಗೆ ಹೋಗ್ತಿದ್ವಿ" ಸಾಲದು. "ದುಗ್ಗಮ್ಮನ ಜಾತ್ರೇಲಿ ನಿಮ್ಮವ್ವನ ಚಪ್ಪಲಿ ಕಿತ್ತೋಗಿ ಬರಿಗಾಲಲ್ಲೇ ಮನಿಗೆ ಬಂದ್ವಿ" ಅಂದರೆ ಸರಿ. ಆ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುವುದರಿಂದ ಎಲ್ಲ ಸಲದ್ದೂ ಕಲೆತು ಒಂದೇ ಆಗಿರುತ್ತದೆ. ಹಾಗಾಗಿ ಆ ಸಲ ಏನು ಬೇರೆ ನಡೆಯಿತು ಎಂದು ಕೆದಕಿ. ಕಾಲ ಹಿಡಿಯಲು ಊರಿನ ಗುರುತು ಕೊಡಿ: 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವ ಮೊದಲೋ, ಆಮೇಲೋ? ಹಳೇ ಫೋಟೋ, ಮಿರ್ಚಿ ಕರಿಯುವ ವಾಸನೆ ಕೂಡ ಬಾಗಿಲು ತೆಗೆಯುತ್ತವೆ.

ಕೆಡುವುದು ಎಲ್ಲಿ ಅಂದರೆ, ನಡುವೆ ತಿದ್ದುವುದರಲ್ಲಿ, "ಅಷ್ಟೂ ನೆನಪಿಲ್ವಾ?" ಎಂದು ಪರೀಕ್ಷೆ ಮಾಡುವುದರಲ್ಲಿ. "ಯಾಕೆ ಹಂಗಾಯ್ತು" ಎಂದು ಕೇಳಲೇಬೇಡಿ, ಅದು ಕೊರಗಿಗೆ ಎಳೆಯುತ್ತದೆ. ಎಲ್ಲಿ, ಯಾರಿದ್ದರು, ಕೈಯಲ್ಲಿ ಏನಿತ್ತು ಎಂದಷ್ಟೇ ಕೇಳಿ. ಮೊದಲ ವಾರಗಳಲ್ಲಿ ತಾಯಿಯ ಸಾವಿನ ಹತ್ತಿರದ ಪದಗಳು ಬೇಡ. ಅವರಾಗಿಯೇ ಆ ಮಾತು ತೆಗೆದರೆ ತಡೆಯದೆ ಕೇಳಿಸಿಕೊಳ್ಳಿ.

ಸುಳಿವು ಕೊಟ್ಟಾಗ ನೆನಪು ಬಂದರೆ ಸಮಾಧಾನ. ಸುಳಿವು ಕೊಟ್ಟರೂ ಬರದಿದ್ದರೆ, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳಿದರೆ, ಪರಿಚಯದ ದಾರಿ ತಪ್ಪಿದರೆ, ದುಡ್ಡಿನ ಲೆಕ್ಕ ಕೆಟ್ಟರೆ ವೈದ್ಯರಿಗೆ ತೋರಿಸಲೇಬೇಕು. ಆಗ ಬಿ12, ಥೈರಾಯ್ಡ್ ಪರೀಕ್ಷೆಯ ಬಗ್ಗೆ ಕೇಳಿ, ಕಿವಿ ಮಂದವಾಗಿದೆಯಾ ನೋಡಿಸಿ, ನಿದ್ದೆ ಮಾತ್ರೆ ತಗೊಳ್ಳುತ್ತಿದ್ದರೆ ಅದನ್ನೂ ಹೇಳಿ. ಎರಡು ವಾರಕ್ಕೂ ಮೀರಿ ನಿದ್ದೆ, ಊಟ, ಆಸಕ್ತಿ ಕುಗ್ಗಿದ್ದರೆ ಮನೋವೈದ್ಯರ ಬಳಿ ಕರೆದೊಯ್ಯಿರಿ. "ನಾನೂ ಹೋಗಿದ್ರೆ ಚೆನ್ನಾಗಿತ್ತು" ಅನ್ನುತ್ತಿದ್ದರೆ ನಾಲ್ಕು ವಾರ ಕಾಯಬೇಡಿ. ಅವರನ್ನು ಒಂಟಿಯಾಗಿ ಬಿಡದೆ, ಅವತ್ತೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ, ಹಗಲು ರಾತ್ರಿ, ಉಚಿತವಾಗಿ ಮಾತಾಡುತ್ತಾರೆ.