ಫಾರ್ಮ್‌ನಲ್ಲಿ 178 ‘ಹೌದು’: ಅಷ್ಟು ಪ್ಯಾಕೆಟ್ ಹೋಗುತ್ತದೆಯೇ?

ಪ್ರಶ್ನೆ: ನಾನು, ನಮ್ಮ ಅತ್ತಿಗೆ ಸೇರಿ ಚಿಕ್ಕಮಗಳೂರಿನಲ್ಲಿ ಕಾಫಿಪುಡಿ ಪ್ಯಾಕೆಟ್ ಮಾರಲು ಹೊರಟಿದ್ದೇವೆ. ಗೂಗಲ್ ಫಾರ್ಮ್ ಮಾಡಿ ವಾಟ್ಸಾಪ್ ಗ್ರೂಪುಗಳಿಗೆ ಹಾಕಿದೆವು. 212 ಜನ ತುಂಬಿದರು, ಅದರಲ್ಲಿ 178 ಜನ ‘ಖಂಡಿತ ಕೊಳ್ಳುತ್ತೇವೆ’ ಎಂದಿದ್ದಾರೆ. ಇದನ್ನು ನಂಬಿ ಗ್ರೈಂಡರ್ ತರಿಸಬಹುದೇ? ಇಲ್ಲ, ದುಡ್ಡು ಕೊಟ್ಟು ಸರ್ವೆ ಸಾಫ್ಟ್‌ವೇರ್ ತಗೊಳ್ಳಬೇಕೇ, ಏಜೆನ್ಸಿ ಹಿಡಿಯಬೇಕೇ?
— ಓದುಗರು, ಚಿಕ್ಕಮಗಳೂರು

ಉತ್ತರ: ಗ್ರೈಂಡರ್ ಈಗಲೇ ಬೇಡ. ಸಾಫ್ಟ್‌ವೇರೂ ಬೇಡ. ಆ 178 ಜನ ಸುಳ್ಳು ಹೇಳಿದ್ದಾರೆ ಎಂದಲ್ಲ. ನಿಮ್ಮ ಗ್ರೂಪುಗಳಲ್ಲಿರುವವರು ನೆಂಟರು, ಜೊತೆಗೆ ಓದಿದವರು, ಅಕ್ಕಪಕ್ಕದವರು. ‘ಕೊಳ್ಳುತ್ತೀರಾ?’ ಎಂದರೆ ದಾಕ್ಷಿಣ್ಯಕ್ಕಾದರೂ ‘ಹೂಂ’ ಅನ್ನದವರು ಯಾರು? ಇನ್ನೂ ಸಾವಿರ ಜನಕ್ಕೆ ಕಳಿಸಿದರೂ ಈ ದೋಷ ಹೋಗದು. ಊರಿನ ಮನೆಗಳಿಂದ ಚೀಟಿ ಎತ್ತಿದ ಹಾಗೆ ಆರಿಸಿದ 100 ಜನರನ್ನು ಕೇಳಿದರೆ ಸಿಗುವ ಶೇಕಡಾ ಲೆಕ್ಕ ಸುಮಾರು 10 ಅಂಶ ಆಚೀಚೆ ಇರಬಹುದು, 400 ಜನರಾದರೆ 5 ಅಂಶ. ಈ ಗಣಿತ ಚೀಟಿ ಎತ್ತಿದ ಪಟ್ಟಿಗೆ ಮಾತ್ರ, ಫಾರ್ವರ್ಡ್ ಆದ ಲಿಂಕಿಗಲ್ಲ.

ನಿಮ್ಮೂರಿನಲ್ಲಿ ಇನ್ನೊಂದು ತೊಡಕಿದೆ. ಅಲ್ಲಿ ಕಾಫಿಪುಡಿಗೆ ಗಿರಾಕಿಗಳು ಎರಡು ಥರ: ಕಣ್ಣೆದುರೇ ಪುಡಿ ಮಾಡಿಸಿಕೊಂಡು ಹೋಗುವ ಊರವರು, ಮುಳ್ಳಯ್ಯನಗಿರಿ ನೋಡಿಕೊಂಡು ವಾಪಸ್ ಹೋಗುವಾಗ ಒಂದೆರಡು ಪ್ಯಾಕೆಟ್ ಹಿಡಿದುಕೊಳ್ಳುವ ಪ್ರವಾಸಿಗರು. ಮೊದಲನೆಯವರು ಚಿಕೋರಿ ಎಷ್ಟು ಎಂದು ಕೇಳುತ್ತಾರೆ, ಎರಡನೆಯವರು ಪ್ಯಾಕೆಟ್ಟಿನ ಚೆಂದ ನೋಡುತ್ತಾರೆ. ಇಬ್ಬರನ್ನೂ ಒಂದೇ ಫಾರ್ಮಿನಲ್ಲಿ ಕಲಸಿದರೆ ಬರುವ ಸರಾಸರಿ ಯಾರದ್ದೂ ಅಲ್ಲ.

ಹಾಗಾಗಿ ಮೊದಲ ಸಾಧನ ಒಂದು ನೋಟ್‌ಬುಕ್. ಮಾಲೀಕರ ಒಪ್ಪಿಗೆ ಪಡೆದು ಮೂರು ಅಂಗಡಿಗಳಲ್ಲಿ ಎರಡೆರಡು ಗಂಟೆ ಕೂರಿ: ಒಮ್ಮೆ ವಾರದ ನಡುವಿನ ಸಂಜೆ, ಒಮ್ಮೆ ಭಾನುವಾರ ಬೆಳಿಗ್ಗೆ. ಪ್ರತಿ ಗಿರಾಕಿಗೂ ಒಂದು ಗೀಟು ಹಾಕಿ, ಎಷ್ಟು ಗ್ರಾಂ, ಚಿಕೋರಿ ಎಷ್ಟು, ಎಷ್ಟು ಕೊಟ್ಟರು, ಬ್ರ್ಯಾಂಡ್ ಹೆಸರು ಹೇಳಿ ಕೇಳಿದರೋ ಅಂಗಡಿಯವರು ಕೊಟ್ಟದ್ದನ್ನೇ ತಗೊಂಡರೋ ಎಂದು ಬರೆದುಕೊಳ್ಳಿ. ಸಂಬಳದ ವಾರ ಮಾತ್ರ ಎಣಿಸಿದರೆ ಲೆಕ್ಕ ಉಬ್ಬುತ್ತದೆ. ತಿಂಗಳ ಕೊನೆಯ ವಾರವನ್ನೂ ಸೇರಿಸಿ.

ಆಮೇಲೆ ಎಂಟು ಹತ್ತು ಮನೆಗಳಿಗೆ ಹೋಗಿ ಮಾತಾಡಿ. ‘ತಿಂಗಳಿಗೆ ಎಷ್ಟು ಪುಡಿ ಬೇಕು?’ ಎಂದರೆ ಅಂದಾಜು ಬರುತ್ತದೆ. ‘ಕೊನೆಯ ಸಲ ಯಾವತ್ತು ತಂದಿರಿ, ಎಷ್ಟು ತಂದಿರಿ?’ ಎಂದರೆ ನೆನಪು ಬರುತ್ತದೆ. ‘ಆ ಡಬ್ಬಿ ನೋಡಬಹುದಾ?’ ಎಂದರೆ ನಿಜವೇ ಕೈಗೆ ಬರುತ್ತದೆ. ಫಾರ್ಮ್ ಬೇಕೆನಿಸಿದರೆ ಈ ಮಾತುಕತೆಯಾದ ಮೇಲೆ ಮಾಡಿ. ಕಳಸ, ಕೊಪ್ಪದ ಕಡೆ ಸಿಗ್ನಲ್ ಸಿಗದ ಜಾಗಕ್ಕೆ ಹೋಗುವುದಿದ್ದರೆ ಆಫ್‌ಲೈನ್‌ನಲ್ಲೂ ಉತ್ತರ ಉಳಿಸಿಕೊಳ್ಳುವ ಕೋಬೋ ಟೂಲ್‌ಬಾಕ್ಸ್ ಗೂಗಲ್ ಫಾರ್ಮ್‌ಗಿಂತ ಅನುಕೂಲ.

ಚಿಕೋರಿ ಶೇ 20ರಷ್ಟೋ 30ರಷ್ಟೋ ಎಂಬುದನ್ನು ಕೇಳಿ ತಿಳಿಯಲಾಗದು, ಕುಡಿಸಿಯೇ ತಿಳಿಯಬೇಕು. ಇದಕ್ಕೆ ತ್ರಿಕೋನ ಪರೀಕ್ಷೆ ಎನ್ನುತ್ತಾರೆ. ಒಬ್ಬೊಬ್ಬರಿಗೂ ಮೂರು ಲೋಟ: ಎರಡರಲ್ಲಿ ಒಂದೇ ಕಾಫಿ, ಮೂರನೆಯದರಲ್ಲಿ ಬೇರೆ. ಬೇರೆ ಯಾವುದೆಂದು ಅವರು ಗುರುತಿಸಬೇಕು. ಎರಡೂ ಫಿಲ್ಟರಿಗೆ ಪ್ರತಿ ಸಲ ತೂಗಿದ 50 ಗ್ರಾಂ ಪುಡಿ, ಅಳೆದ 300 ಮಿ.ಲೀ. ನೀರು, ಹಾಲು, ಸಕ್ಕರೆ, ಬಿಸಿ ಒಂದೇ ಇರಲಿ. ಚಿಕೋರಿ ಹೆಚ್ಚಿದಷ್ಟೂ ಬಣ್ಣ ಗಾಢ, ಆದ್ದರಿಂದ ಮುಚ್ಚಳವಿರುವ ಸ್ಟೀಲ್ ಲೋಟದಲ್ಲಿ ಕೊಡಿ. ಗಾಜಿನದಾದರೆ ನಾಲಿಗೆಯ ಬದಲು ಕಣ್ಣು ಉತ್ತರ ಹೇಳಿಬಿಡುತ್ತದೆ. ಲೋಟಕ್ಕೆ ಎ, ಬಿ ಎಂದು ಬರೆಯಬೇಡಿ. 417, 582, 936ರಂಥ ಸಂಖ್ಯೆ ಅಂಟಿಸಿ. ಬೇರೆಯದು ಒಮ್ಮೆ 20ರದ್ದು, ಒಮ್ಮೆ 30ರದ್ದು ಆಗಬಹುದಾದ್ದರಿಂದ ಲೋಟ ಜೋಡಿಸಲು ಆರು ಕ್ರಮಗಳಿವೆ. 24 ಜನರಿದ್ದರೆ ಒಂದೊಂದು ಕ್ರಮ ನಾಲ್ಕು ಜನಕ್ಕೆ. ಬರೀ ಊಹೆಯಿಂದಲೇ 8 ಜನ ಸರಿ ಹೇಳಬಹುದು, ಅದಕ್ಕೇ ಗೆರೆ 13. ಅಷ್ಟು ಜನ ಗುರುತಿಸಿದರೆ ಮಾತ್ರ ವ್ಯತ್ಯಾಸ ನಾಲಿಗೆಗೆ ಸಿಕ್ಕಿದೆ ಎನ್ನಿ. ಯಾವುದು ರುಚಿ ಎಂಬುದು ಬೇರೆ ಪ್ರಶ್ನೆ, ಬೇರೆ ದಿನ ಕೇಳಿ. ಅಂದ ಹಾಗೆ, ಮಿಶ್ರಣದಲ್ಲಿ ಕಾಫಿ ಶೇ 51ಕ್ಕಿಂತ ಕಡಿಮೆ ಇರುವಂತಿಲ್ಲ, ಪ್ರಮಾಣವನ್ನು ಲೇಬಲ್ ಮೇಲೆ ಹಾಕಲೇಬೇಕು.

ಬೆಲೆಯನ್ನು ಮಾರಿಯೇ ನೋಡಿ. 100 ಗ್ರಾಂನ 60 ಪ್ಯಾಕೆಟ್ ಹೊರಗಿನ ಗಿರಣಿಯಲ್ಲಿ ಮಾಡಿಸಿ, ಎರಡು ಅಂಗಡಿಗಳಲ್ಲಿ ಎರಡು ಬೆಲೆಗೆ ಇಡಿ. ಎರಡು ವಾರದ ನಂತರ ಬೆಲೆ ಅದಲು ಬದಲು ಮಾಡಿ. ಇಲ್ಲದಿದ್ದರೆ ಬೆಲೆಯ ಗುಣ ಯಾವುದು, ಅಂಗಡಿ ಇರುವ ಜಾಗದ ಗುಣ ಯಾವುದು ಗೊತ್ತಾಗದು. ಖಾಲಿ ಪ್ಯಾಕೆಟ್ ತಂದವರಿಗೆ ₹5 ಬಿಡಿ. ಮೊದಲ ಪ್ಯಾಕೆಟ್ ಕುತೂಹಲಕ್ಕೂ ಹೋಗುತ್ತದೆ, ನೀವು ಎಣಿಸಬೇಕಾದ್ದು ಎರಡನೆಯದನ್ನು. ₹5ಕ್ಕಿಂತ ಹೆಚ್ಚು ಬಿಟ್ಟರೆ ರಿಯಾಯಿತಿಗಾಗಿಯೇ ಬರುವವರು ಸೇರಿಕೊಳ್ಳುತ್ತಾರೆ.

ಬೆಂಗಳೂರಿಗೆ ಮಾಲು ಕಳಿಸುವ ಹಂತಕ್ಕೆ ಬಂದಾಗ ಏಜೆನ್ಸಿ ನೋಡಿ. ಆಗಲೂ ಜನರನ್ನು ಹೇಗೆ ಆರಿಸುತ್ತೀರಿ, ಮೂಲ ಡೇಟಾ ಫೈಲ್ ಕೊಡುತ್ತೀರಾ, ಎಷ್ಟು ಜನಕ್ಕೆ ಮತ್ತೆ ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳುತ್ತೀರಿ ಎಂದು ಮೊದಲೇ ಕೇಳಿ.

ಪ್ರಶ್ನೆ: ಹಾಸನದಲ್ಲಿ ಲಾಡ್ಜ್ ಮಾಡುವ ಯೋಚನೆ. ಗೂಗಲ್ ಟ್ರೆಂಡ್ಸ್‌ನಲ್ಲಿ ಊರಿನ ಹೆಸರು 100ರವರೆಗೆ ಏರಿದೆ. ಬೇಡಿಕೆ ಇದೆ ಎನ್ನಬಹುದೇ?
— ಓದುಗರು, ಹಾಸನ

ಉತ್ತರ: ಆ 100 ಹುಡುಕಿದವರ ಸಂಖ್ಯೆಯಲ್ಲ. ನೀವು ಆರಿಸಿದ ಅವಧಿಯ ಅತಿ ಎತ್ತರದ ಬಿಂದುವಿಗೆ ಕೊಟ್ಟ ಅಂಕ. ಉಳಿದವೆಲ್ಲ ಅದಕ್ಕೆ ಹೋಲಿಸಿದ್ದು. ಆ ಏರಿಕೆಯ ತಿಂಗಳು ನೋಡಿ. ದೀಪಾವಳಿಯ ಆಸುಪಾಸಿನಲ್ಲಿದ್ದರೆ, ವರ್ಷಕ್ಕೊಮ್ಮೆ ಬಾಗಿಲು ತೆರೆಯುವ ಹಾಸನಾಂಬೆಯ ದರ್ಶನಕ್ಕೆ ಹುಡುಕಿದವರೇ ಅದರಲ್ಲಿ ಹೆಚ್ಚಿರಬಹುದು. ಆ ಕೆಲವು ದಿನ ನಿಮ್ಮ ಲಾಡ್ಜ್ ಹೇಗೂ ತುಂಬುತ್ತದೆ. ಉಳಿದ ದಿನಗಳ ಗತಿ ತಿಳಿಯಲು, ಹಬ್ಬವಿಲ್ಲದ ತಿಂಗಳಲ್ಲಿ ನಾಲ್ಕು ಮಂಗಳವಾರ, ನಾಲ್ಕು ಶನಿವಾರ ಸಂಜೆ ಏಳಕ್ಕೆ ಅಂದಿನ ರಾತ್ರಿಗೆ ರೂಮು ಇದೆಯೇ, ಬಾಡಿಗೆ ಎಷ್ಟು ಎಂದು ಹತ್ತು ಲಾಡ್ಜ್‌ಗಳಿಗೆ ಫೋನ್ ಮಾಡಿ ಬರೆದಿಡಿ. ಬುಕಿಂಗ್ ಆ್ಯಪ್ ಒಂದನ್ನೇ ನಂಬಬೇಡಿ, ಕೆಲವರು ಅದಕ್ಕೆ ಎರಡೋ ಮೂರೋ ರೂಮು ಮಾತ್ರ ಕೊಟ್ಟಿರುತ್ತಾರೆ.